ಗ್ರುಯೇರ್‌ನ ಚೀಸ್ ಹಾದಿ: ಹುಲ್ಲುಗಾವಲಿನ ನಡುವೆ ಒಂದು ದಿನದ ಸುತ್ತು

ನಿಮ್ಮ ಪ್ರಶ್ನೆ ಇದು: ಜುಲೈ ಮೊದಲ ವಾರ ಅಪ್ಪ-ಅಮ್ಮನ ಜೊತೆ ಸ್ವಿಟ್ಜರ್ಲೆಂಡಿನಲ್ಲಿ ಇರುತ್ತೀರಿ. ಒಂದು ದಿನ ಆಲ್ಪ್ಸ್ ಹುಲ್ಲುಗಾವಲಿನಲ್ಲಿ ನಡೆದು, ಸೌದೆ ಒಲೆಯ ಮೇಲೆ ಚೀಸ್ ಮಾಡುವ ಹಳೇ ಮನೆ ನೋಡಿ, ಹೊರಟ ಜಾಗಕ್ಕೇ ಬಂದು ಸೇರಬೇಕು. ಮನೆಯವರೆಲ್ಲ ಸಸ್ಯಾಹಾರಿಗಳು. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು?

ನಾನು ಹೇಳುವುದು ಗ್ರುಯೇರ್, ಅದೇ ಹೆಸರಿನ ಚೀಸ್‌ನ ಊರು. ಫ್ರಿಬೂರ್ ಪ್ರಾಂತ್ಯದಲ್ಲಿದೆ. ಫ್ರಿಬೂರ್ ಕಡೆಯಿಂದ ಬರುವವರು ಬ್ಯುಲ್ ಊರಿನ ಮೂಲಕ, ಮೊಂಟ್ರೋ ಕಡೆಯಿಂದ ಬರುವವರು ಮೋಂಬೊವೋಂ ಮೂಲಕ ರೈಲಿನಲ್ಲಿ ಬರಬಹುದು. ಗ್ರುಯೇರ್ ನಿಲ್ದಾಣ ಇರುವುದು ಗುಡ್ಡದ ಮೇಲಿನ ಕೋಟೆ ಊರಿನಲ್ಲಿ ಅಲ್ಲ, ಅದರ ಬುಡದ ಪ್ರಾಂಜಿಯಲ್ಲಿ. ನಿಲ್ದಾಣದ ಎದುರಿಗೇ 'ಲಾ ಮೇಝೋಂ ದ್ಯು ಗ್ರುಯೇರ್' ಎಂಬ ದೊಡ್ಡ ಚೀಸ್ ತಯಾರಿಕಾ ಮನೆ ಇದೆ. ಅಲ್ಲಿಂದ ಮೋಲೆಜೋನ್ ಹಳ್ಳಿಗೆ ಹತ್ತಿ ಬೇರೆ ದಾರಿಯಲ್ಲಿ ಇಳಿದು ಬರುವ ಹಾದಿಗೆ 'ಸಾಂತಿಯೇ ದೆ ಫ್ರೋಮಾಜರಿ' ಎನ್ನುತ್ತಾರೆ, ಚೀಸ್ ಮನೆಗಳ ಹಾದಿ ಅಂತ. ಏರು ಸುಮಾರು 350 ಮೀಟರ್. ಹತ್ತಲು ಎರಡು ಗಂಟೆ, ಇಳಿಯಲು ಅದಕ್ಕಿಂತ ಸ್ವಲ್ಪ ಕಡಿಮೆ.

ಬಹಳ ಜನ ಇಲ್ಲಿ ಎಡವುವುದು ದಾರಿಯಲ್ಲಿ ಅಲ್ಲ, ಹೊತ್ತಿನಲ್ಲಿ. ಚೀಸ್ ಮಾಡುವುದು ಬೆಳಗಿನ ಕೆಲಸ. ಮೋಲೆಜೋನ್‌ನ ಹಳೇ ಚೀಸ್ ಮನೆಯಲ್ಲಿ ಬೇಸಿಗೆಯಲ್ಲಿ ಜನರಿಗೆ ತೋರಿಸುವ ತಯಾರಿಕೆ ಸಾಮಾನ್ಯವಾಗಿ ಹತ್ತು ಗಂಟೆ ಸುಮಾರಿಗೆ ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಮೊದಲೇ ಮುಗಿಯುತ್ತದೆ. ನಿಧಾನವಾಗಿ ತಿಂಡಿ ತಿಂದು ಹತ್ತಕ್ಕೆ ಹೊರಟರೆ ತೊಳೆದಿಟ್ಟ ಪಾತ್ರೆ ನೋಡಿ ಬರುತ್ತೀರಿ. ಹಾಗಾಗಿ ಇಡೀ ದಿನವನ್ನು ಒಲೆ ಉರಿಯುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ: ಒಂಬತ್ತೂವರೆಗೆ ಮೇಲೆ ಇರಬೇಕು, ಹಿರಿಯರ ಜೊತೆ ಹತ್ತಲು ಮೂರು ಗಂಟೆ ಹಿಡಿಯಬಹುದು, ಅಂದರೆ ಆರೂವರೆಗೆ ಪ್ರಾಂಜಿ ಬಿಡಬೇಕು. ಅದಕ್ಕೆ ಹಿಂದಿನ ರಾತ್ರಿ ಬ್ಯುಲ್ ಅಥವಾ ಗ್ರುಯೇರ್‌ನಲ್ಲೇ ಉಳಿಯುವುದು ವಾಸಿ. ಆ ವಾರದ ವೇಳೆಯನ್ನು ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಅಪ್ಪ-ಅಮ್ಮನಿಗೆ ಮೊಣಕಾಲು ನೋವಿದ್ದರೆ ಪೂರ್ತಿ ಸುತ್ತು ಬೇಡ. ಗ್ರುಯೇರ್ ನಿಲ್ದಾಣದಿಂದ ಮೋಲೆಜೋನ್‌ಗೆ ಬಸ್ ಇದೆ. ಏರಿಗೆ ಉಸಿರು ಕಟ್ಟುವವರು ಬಸ್ಸಲ್ಲಿ ಹತ್ತಿ ನಡೆದು ಇಳಿಯಲಿ. ಮೊಣಕಾಲು ನೋವಿನವರು ನಡೆದು ಹತ್ತಿ ಬಸ್ಸಲ್ಲಿ ಇಳಿಯಲಿ, ಏಕೆಂದರೆ ಮೊಣಕಾಲಿಗೆ ಹೊಡೆತ ಬೀಳುವುದು ಇಳಿಯುವಾಗ.

ದಾರಿ ತಪ್ಪುವ ಭಯ ಬೇಡ. ಹಳದಿ ಫಲಕ, ಹಳದಿ ವಜ್ರದ ಗುರುತು ಹಿಡಿದು ಹೋದರೆ ಸಾಕು. ಬಿಳಿ-ಕೆಂಪು-ಬಿಳಿ ಗುರುತು ಕಂಡರೆ ಅದು ಕಡಿದಾದ ಬೆಟ್ಟದ ಹಾದಿ, ನಿಮ್ಮದಲ್ಲ. ಫಲಕದಲ್ಲಿ ಬರೆದಿರುವ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ. ಹಿರಿಯರ ಜೊತೆ ಅದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಿ.

ಈಗ ಒಳಗೆ ಏನು ನೋಡಬೇಕು ಅನ್ನುವುದು. ಮೋಲೆಜೋನ್‌ನ ಮನೆ 17ನೇ ಶತಮಾನದ್ದು, ಛಾವಣಿಗೆ ಮರದ ಚಕ್ಕೆ ಹೊದಿಸಿದೆ. ತಾಮ್ರದ ಹಂಡೆ ಒಲೆಯ ಮೇಲೆ ಕೂತಿರುವುದಿಲ್ಲ. ತಿರುಗುವ ಮರದ ತೋಳಿಗೆ ನೇತು ಹಾಕಿರುತ್ತಾರೆ. ಸೌದೆ ಉರಿಯನ್ನು ಗ್ಯಾಸಿನಂತೆ ತಟ್ಟನೆ ಕಡಿಮೆ ಮಾಡಲಾಗದು, ಅದಕ್ಕೇ ಹಂಡೆಯನ್ನೇ ಬೆಂಕಿಯಿಂದ ಆಚೆ ಸರಿಸುತ್ತಾರೆ. ಹಸಿ ಹಾಲು 32 ಡಿಗ್ರಿಗೆ ಬಂದಾಗ ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಹಾಕುತ್ತಾರೆ. ಮೂವತ್ತೈದು, ನಲವತ್ತು ನಿಮಿಷಕ್ಕೆ ಹಾಲು ಗಟ್ಟಿಯಾಗುತ್ತದೆ. ಆಮೇಲೆ ತಂತಿ ಬಿಗಿದ ಚೌಕಟ್ಟಿನಿಂದ ಅದನ್ನು ಗೋಧಿ ಕಾಳಿನ ಗಾತ್ರಕ್ಕೆ ಕತ್ತರಿಸುತ್ತಾರೆ. ಕಾಳು ದಪ್ಪ ಉಳಿದರೆ ನೀರು ಒಳಗೇ ಸಿಕ್ಕಿಕೊಂಡು, ಚೀಸ್ ಮಾಗುವಾಗ ಹುಳಿಯಾಗಿ ಬಿರುಕು ಬಿಡುತ್ತದೆ. ಕತ್ತರಿಸಿದ ಮೇಲೆ ಕಲಕುತ್ತಾ ಕಲಕುತ್ತಾ 57 ಡಿಗ್ರಿಗೆ ಕಾಯಿಸುತ್ತಾರೆ.

ನಿಜವಾಗಿ ಕಣ್ಣಿಟ್ಟು ನೋಡಬೇಕಾದ್ದು ಆಮೇಲಿನ ಕ್ಷಣ. ಕೆಲಸದವರು ಕೈ ಅದ್ದಿ ಒಂದು ಹಿಡಿ ಕಾಳು ತೆಗೆದು ಮುಷ್ಟಿಯಲ್ಲಿ ಹಿಂಡುತ್ತಾರೆ. ಅದು ಉಂಡೆಯಾಗಿ ನಿಲ್ಲಬೇಕು, ಹೆಬ್ಬೆರಳಲ್ಲಿ ಉಜ್ಜಿದರೆ ಮತ್ತೆ ಕಾಳು ಕಾಳಾಗಿ ಉದುರಬೇಕು. ಥರ್ಮಾಮೀಟರ್ ಏನೇ ಹೇಳಲಿ, ಇಳಿಸುವ ಹೊತ್ತು ನಿರ್ಧಾರವಾಗುವುದು ಈ ಮುಷ್ಟಿಯಲ್ಲೇ. ತಕ್ಷಣ ಹಂಡೆಯನ್ನು ಉರಿಯಿಂದ ಸರಿಸಿ, ಬಾಗುವ ಉಕ್ಕಿನ ಪಟ್ಟಿಗೆ ಬಟ್ಟೆ ಸುತ್ತಿ ಹಂಡೆಯ ತಳದಗುಂಟ ತೂರಿಸಿ, ಇಡೀ ಗಂಟನ್ನು ಎತ್ತುತ್ತಾರೆ. ಇದು ಅರೆಗಳಿಗೆಯ ಕೆಲಸ. ಫೋಟೊ ತೆಗೆಯಬೇಕಾದವರು ಮೊದಲೇ ಒಳ್ಳೆಯ ಜಾಗ ಹಿಡಿದಿರಿ.

ಸುಮಾರು 35 ಕೆಜಿಯ ಒಂದು ಗ್ರುಯೇರ್ ಚೀಸ್ ಗಾಲಿಗೆ, ಅಂದರೆ ಗಾಲಿಯಾಕಾರದ ಗಟ್ಟಿಗೆ, 400 ಲೀಟರ್ ಹಾಲು ಬೇಕು. ಹಸುಗಳಿಗೆ ಹುಳಿ ಬರಿಸಿದ ಮೇವು, ಅಂದರೆ ಸೈಲೇಜ್, ಹಾಕುವಂತಿಲ್ಲ. ಅದರಲ್ಲಿನ ಬ್ಯಾಕ್ಟೀರಿಯಾದ ಬೀಜಾಣುಗಳು ಹಸಿ ಹಾಲಿಗೆ ಸೇರಿದರೆ, ತಿಂಗಳುಗಳ ನಂತರ ಚೀಸ್ ಒಳಗೇ ಅನಿಲ ಹುಟ್ಟಿ ಗಾಲಿ ಉಬ್ಬಿ ಒಡೆಯುತ್ತದೆ. ಕಡಿಮೆಯೆಂದರೆ ಐದು ತಿಂಗಳು ಮಾಗಬೇಕು, ಹಾಗಾಗಿ ನಿಮ್ಮೆದುರು ಮಾಡಿದ್ದು ನಿಮಗೆ ತಿನ್ನಲು ಸಿಗದು.

ಕೆಳಗೆ ಬಂದ ಮೇಲೆ ಪ್ರಾಂಜಿಯ ದೊಡ್ಡ ಮನೆಯನ್ನೂ ನೋಡಿ. ಅಲ್ಲಿ ತಲಾ 4,800 ಲೀಟರಿನ ನಾಲ್ಕು ತಾಮ್ರದ ತೊಟ್ಟಿಗಳಿವೆ, ಗಾಜಿನಾಚೆಯಿಂದ ನೋಡಬಹುದು. ಮೇಲಿನದನ್ನು ಮೊದಲು ನೋಡಿದ್ದರೆ ಇಲ್ಲಿನ ಯಂತ್ರಗಳು ಏನು ಮಾಡುತ್ತಿವೆ ಎಂದು ತಾನಾಗಿಯೇ ಅರ್ಥವಾಗುತ್ತದೆ. ಮಧ್ಯಾಹ್ನದ ನಂತರ ಹೋದರೆ ತಯಾರಿಕೆ ಸಿಗದಿರಬಹುದು, ನೆಲಮಾಳಿಗೆಯ ಚೀಸ್ ಸಾಲುಗಳಂತೂ ಇದ್ದೇ ಇರುತ್ತವೆ.

ಸಸ್ಯಾಹಾರದ ವಿಷಯ ಸ್ಪಷ್ಟವಾಗಿ ಹೇಳಬೇಕು, ನಮ್ಮವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಸಾಂಪ್ರದಾಯಿಕ ರೆನೆಟ್ ಬರುವುದು ಕರುವಿನ ಜಠರದಿಂದ. ಗ್ರುಯೇರ್ ಅದರಿಂದಲೇ ಆಗುವುದು. ಚೀಸ್ ಎತ್ತಿದ ಮೇಲೆ ಹಂಡೆಯಲ್ಲಿ ಉಳಿದ ನೀರನ್ನು ಕಾಯಿಸಿ ತೆಗೆಯುವ ಸೆರಾಕ್ ನೋಡಲು ನಮ್ಮ ಪನೀರಿನ ಪುಡಿಯಂತಿದ್ದರೂ, ರೆನೆಟ್ ಬಿದ್ದ ಹಾಲಿನ ನೀರಿನದೇ. 'ಮನೆಯ ಸೂಪ್' ಎಂದು ಕೊಡುವ 'ಸೂಪ್ ದ ಶಾಲೆ' ಎಂಬುದರಲ್ಲಿ ಆಲೂಗಡ್ಡೆ, ಪಾಸ್ತಾ, ಕ್ರೀಮ್ ಜೊತೆ ಚೀಸ್ ಇದ್ದೇ ಇರುತ್ತದೆ, ಕೆಲವು ಕಡೆ ಮಾಂಸವೂ. ಕರಗಿಸಿದ ಚೀಸ್‌ನ ಫಾಂಡ್ಯೂಗೆ ಬಿಳಿ ವೈನ್ ಹಾಕುತ್ತಾರೆ. ಕಟ್ಟುನಿಟ್ಟಾದವರಿಗೆ ಈ ಊರಿನ ಹೆಮ್ಮೆಯಾದ ಗಟ್ಟಿ ಕೆನೆ, ಕ್ರೆಮ್ ದೂಬ್ಲ್, ಅಡ್ಡಿಯಿಲ್ಲ. ಅದಕ್ಕೆ ರೆನೆಟ್ ಬೇಡ. ಹಣ್ಣಿನ ಜೊತೆ ಕೇಳಿ, ಏಕೆಂದರೆ ಜೊತೆಗೆ ಕೊಡುವ ಮೆರಾಂಗ್ ಮೊಟ್ಟೆಯ ಬಿಳಿಯದು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ನೆಮ್ಮದಿ.

ಹಸುಗಳ ಬಗ್ಗೆ ಒಂದು ಮಾತು. ಅವು ಬೇಸಿಗೆಯಿಡೀ ಒಂದೇ ಕಡೆ ಇರುವುದಿಲ್ಲ. ಮೇ ತಿಂಗಳಲ್ಲಿ ಕೆಳಗಿನ ಹುಲ್ಲುಗಾವಲು, ಹುಲ್ಲು ಮುಗಿದಂತೆ ಇನ್ನೂ ಮೇಲೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಇಳಿಯುತ್ತಾ ಬರುತ್ತವೆ. ಜುಲೈನಲ್ಲಿ ದಾರಿ ಬದಿಯ ಕೆಲವು ಮನೆಗಳ ಬಾಗಿಲು ಮುಚ್ಚಿದ್ದರೆ ಅದಕ್ಕೇ. ಮೋಲೆಜೋನ್‌ನಿಂದ ಹಗ್ಗ ಎಳೆಯುವ ಹಳಿ ರೈಲಿನಲ್ಲಿ (ಫ್ಯುನಿಕ್ಯುಲರ್) ಸುಮಾರು 1,520 ಮೀಟರ್ ಎತ್ತರದ ಪ್ಲಾನ್ ಫ್ರಾಂಸೇಗೆ ಹೋದರೆ ಗಂಟೆ ಸದ್ದು ಕೇಳುವ ಸಾಧ್ಯತೆ ಜಾಸ್ತಿ.

ನಮ್ಮೂರ ಹಸುವಿನಂತೆ ಹತ್ತಿರ ಹೋಗಿ ಹಣೆ ಮುಟ್ಟಿ ನಮಸ್ಕಾರ ಮಾಡಲು ಅಮ್ಮನಿಗೆ ಮನಸ್ಸಾಗಬಹುದು, ದಯವಿಟ್ಟು ತಡೆಯಿರಿ. ಕರು ಜೊತೆಗಿರುವ ತಾಯಿ ಹಸು ಅಪರಿಚಿತರ ಮೇಲೆ ನುಗ್ಗುತ್ತದೆ. ಆಲ್ಪ್ಸ್‌ನಲ್ಲಿ ಚಾರಣಿಗರು ಸತ್ತ ಪ್ರಕರಣಗಳೂ ಇವೆ. ದಾರಿಗೆ ಅಡ್ಡ ನಿಂತಿದ್ದರೆ ದೂರದಿಂದ ಬಳಸಿ ಹೋಗಿ. ತಲೆ ತಗ್ಗಿಸಿ ಬುಸುಗುಟ್ಟಿದರೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಬೇಲಿ ತಂತಿಯಲ್ಲಿ ಕರೆಂಟ್ ಇರುತ್ತದೆ, ಕೊಕ್ಕೆಯ ಹಿಡಿಯನ್ನು ಮಾತ್ರ ಮುಟ್ಟಿ, ದಾಟಿದ ಮೇಲೆ ಮತ್ತೆ ಸಿಕ್ಕಿಸಿ. ಎತ್ತರದ ಹುಲ್ಲಿನೊಳಗೆ ಫೋಟೊಗೆ ಇಳಿಯಬೇಡಿ, ಅದು ಅಲ್ಲಿನ ರೈತರ ಹಸುಗಳ ಚಳಿಗಾಲದ ಮೇವು. ಮಲೆನಾಡಿನ ಜಿಗಣೆ ಇಲ್ಲಿಲ್ಲ, ಆದರೆ ರಕ್ತ ಹೀರುವ ಉಣ್ಣಿ ಇದೆ, ರೋಗವನ್ನೂ ತರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಮೊಣಕಾಲ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ.

ನಗದು ಫ್ರಾಂಕ್ ಇರಲಿ. ಹುಲ್ಲುಗಾವಲಿನ ಮನೆಗಳಲ್ಲಿ ಕಾರ್ಡ್ ನಡೆಯದಿರಬಹುದು, ಅಲ್ಲಿನ ಹಣ ಪಾವತಿಯ ಟ್ವಿಂಟ್ ಆ್ಯಪ್ ಪ್ರವಾಸಿಗರಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ತೊಟ್ಟಿಗೆ ಬೀಳುವ ನೀರನ್ನು ಕೊಳವೆಯ ಬಾಯಿಂದ ಹಿಡಿದುಕೊಳ್ಳಿ. 'ನೋಂ ಪೋತಾಬ್ಲ್' ಫಲಕ ಇದ್ದರೆ ಕುಡಿಯಬೇಡಿ. ತುರ್ತಿಗೆ 112.

ಹಿಂದಿನ ರಾತ್ರಿ ಜೋರು ಮಳೆ ಬಂದಿದ್ದರೆ, ಹಸುಗಳು ತುಳಿದ ಜೇಡಿಮಣ್ಣಿನ ಇಳಿಜಾರು ಹಿರಿಯರಿಗೆ ಅಪಾಯ. ಆ ದಿನ ಬಸ್ಸಲ್ಲೇ ಹೋಗಿ ಬನ್ನಿ. ಒಲೆ ಮಳೆಯಲ್ಲೂ ಉರಿಯುತ್ತದೆ.