ಹೊಸ ಗೇಮಿಂಗ್ ಹೆಡ್‌ಸೆಟ್ ವಾಪಸ್ ಕೊಡಲು ಏಳು ದಿನ ಇದೆ. ಅಷ್ಟರಲ್ಲಿ ಏನೇನು ಪರೀಕ್ಷೆ ಮಾಡಬೇಕು?

ನಾನಾಗಿದ್ದರೆ ಮೊದಲ ದಿನ ಸೌಂಡ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸೌಂಡ್ ಹಿಡಿಸದಿದ್ದರೆ ಈಕ್ವಲೈಜರ್‌ನಲ್ಲಿ (ದಪ್ಪ, ತೆಳು ಸದ್ದುಗಳನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಸ್ವಲ್ಪ ತಿದ್ದಬಹುದು, ಮೈಕ್ ಸರಿಯಿಲ್ಲದಿದ್ದರೆ ಮೇಜಿನ ಮೇಲೆ ಬೇರೆ ಮೈಕ್ ಇಟ್ಟುಕೊಳ್ಳಬಹುದು. ತಲೆ ಹಿಂಡುವ ಹೆಡ್‌ಸೆಟ್‌ಗೆ ಮಾತ್ರ ಮದ್ದಿಲ್ಲ.

ಐದು ನಿಮಿಷ ಹಾಕಿ ನೋಡಿದರೆ ಯಾವುದಾದರೂ ಹಿತವಾಗೇ ಇರುತ್ತದೆ. ಅಸಲಿ ಬಣ್ಣ ಗೊತ್ತಾಗೋದು ಎರಡನೇ ಗಂಟೆ ದಾಟಿದ ಮೇಲೆ. ನಾನು ಕನ್ನಡಕ ಹಾಕುವವನು. ನನ್ನ ಹಳೆಯ ಹೆಡ್‌ಸೆಟ್ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಎಷ್ಟು ಒತ್ತುತ್ತಿತ್ತೆಂದರೆ, ತೆಗೆದ ಮೇಲೂ ಬೆರಳಿಗೆ ಅಲ್ಲೊಂದು ಗೀರು ಸಿಗುತ್ತಿತ್ತು. ಸ್ಕ್ರೀನ್ ನೋಡಿ ನೋಡಿ ತಲೆನೋವು ಬರ್ತಿದೆ ಅಂದುಕೊಂಡು ಎರಡು ತಿಂಗಳು ತಳ್ಳಿದೆ! ಹಾಗಾಗಿ ಒಂದು ಸಂಜೆ ಪೂರ್ತಿ, ಮಧ್ಯೆ ತೆಗೆಯದೆ ಆಡಿ. ನೆತ್ತಿ ನೋಯುತ್ತದಾ, ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತದಾ, ಬೆವರುತ್ತದಾ, ಗಮನಿಸಿ. ತೂಕ 250 ಗ್ರಾಂ ಆಸುಪಾಸು ಇದ್ದರೆ ಹಗುರ, 350 ದಾಟಿದರೆ ಕುತ್ತಿಗೆಗೆ ಗೊತ್ತಾಗುತ್ತದೆ. ಆದರೆ ತಲೆಪಟ್ಟಿ ಭಾರವನ್ನು ಚೆನ್ನಾಗಿ ಹಂಚಿದರೆ ಭಾರದ್ದೂ ಹಗುರ ಅನ್ನಿಸುವುದುಂಟು. ರೆಕ್ಸಿನ್ ಥರದ ಪ್ಯಾಡ್ ಹೊರಗಿನ ಸದ್ದು ತಡೆಯುತ್ತದೆ, ಆದರೆ ಬೆವರಿಸುತ್ತದೆ. ಬಟ್ಟೆಯ ಪ್ಯಾಡ್ ತಂಪು, ಆದರೆ ಬೇಸ್, ಅಂದರೆ ಧಂ ಧಂ ಅನ್ನುವ ದಪ್ಪ ಸದ್ದು, ಸ್ವಲ್ಪ ಸೋರುತ್ತದೆ.

ಸೋರುವ ವಿಷಯಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಹಾಡು ಹಾಕಿ, ಕಿವಿ ಮುಚ್ಚುವ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ದಿಢೀರನೆ ಜಾಸ್ತಿಯಾದರೆ ಪ್ಯಾಡ್ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಕನ್ನಡಕದವರಿಗೆ ಇದು ಮಾಮೂಲು.

ಇನ್ನು ಸೌಂಡ್. ಡಬ್ಬದ ಮೇಲಿನ 50 ಎಂಎಂ ಡ್ರೈವರ್ (ಕಪ್ ಒಳಗಿನ ಪುಟ್ಟ ಸ್ಪೀಕರ್), 7.1 ಸರೌಂಡ್ (ಸುತ್ತಲಿಂದ ಸದ್ದು ಬಂದಂತೆ ಕೇಳಿಸುವುದು) ಇವುಗಳನ್ನು ನೋಡಿ ಮರುಳಾಗಬೇಡಿ. ದೊಡ್ಡ ಡ್ರೈವರ್ ಅಂದಮಾತ್ರಕ್ಕೆ ಒಳ್ಳೆಯ ಸೌಂಡ್ ಅಲ್ಲ. 7.1 ಎಂದು ಬರೆದಿರುವ ಬಹುಪಾಲು ಹೆಡ್‌ಸೆಟ್‌ಗಳಲ್ಲಿ ಇರುವುದು ಕಿವಿಗೊಂದರಂತೆ ಎರಡೇ ಡ್ರೈವರ್, ಉಳಿದದ್ದೆಲ್ಲ ಸಾಫ್ಟ್‌ವೇರ್ ಲೆಕ್ಕ. ಆ ಸರೌಂಡನ್ನು ಆಫ್ ಮಾಡಿ, ಬರೀ ಸ್ಟೀರಿಯೋದಲ್ಲಿ ಗೆಳೆಯರೊಬ್ಬರ ಜೊತೆ ಆಟಕ್ಕಿಳಿಯಿರಿ. ನೀವು ಕಣ್ಣು ಮುಚ್ಚಿ ನಿಂತಿರಿ, ಅವರು ನಿಮ್ಮ ಸುತ್ತ ನಡೆಯಲಿ. ಎಡ ಬಲ ಎಲ್ಲ ಹೆಡ್‌ಸೆಟ್‌ನಲ್ಲೂ ಗೊತ್ತಾಗುತ್ತದೆ, ಮುಂದೋ ಹಿಂದೋ ಅನ್ನುವುದೇ ಕಷ್ಟ. ಆಮೇಲೆ ಸರೌಂಡ್ ಆನ್ ಮಾಡಿ ಅದನ್ನೇ ಮತ್ತೆ ಮಾಡಿ. ನನಗಂತೂ ಹೆಚ್ಚಿನ ಸಲ ಆಫ್ ಇದ್ದಾಗಲೇ ವಾಸಿ. ಪಕ್ಕದಲ್ಲಿ ಬಾಂಬ್ ಸಿಡಿದಾಗಲೂ ಹೆಜ್ಜೆ ಸಪ್ಪಳ ಕೇಳಬೇಕು. ಬೇಸ್ ಅತಿಯಾದರೆ ಆ ಸಪ್ಪಳವೇ ಮೊದಲು ಮುಳುಗುವುದು.

ಮೈಕ್ ಹೇಗಿದೆ ಅಂತ ಗೆಳೆಯರನ್ನು ಕೇಳಿ ಪ್ರಯೋಜನವಿಲ್ಲ, "ಹೂಂ, ಕೇಳಿಸ್ತಿದೆ" ಅಂತಾರೆ ಅಷ್ಟೆ. ಹಿನ್ನೆಲೆ ಗದ್ದಲ ಅಳಿಸುವ ನಾಯ್ಸ್ ಸಪ್ರೆಶನ್ ಆಫ್ ಮಾಡಿ, ನೀವೇ ರೆಕಾರ್ಡ್ ಮಾಡಿ ಕೇಳಿ. ಫ್ಯಾನ್ ಹಾಕಿರಲಿ, ಒಂದು ಕೈ ಕೀಬೋರ್ಡ್ ಮೇಲೆ ಆಡುತ್ತಿರಲಿ. ನಾನು ಹೇಳುವ ವಾಕ್ಯ: "ಫಕ್ಕನೆ ಭಾರಿ ಪಟಾಕಿ ಸಿಡಿಯಿತು, ಶಶಿ ಸುಸ್ತಾದ." ಪ, ಫ, ಭ ಬಂದಾಗ ಧಪ್ ಅಂತ ಗಾಳಿ ಬಡಿದರೆ ಮೈಕನ್ನು ಬಾಯಿಯ ಮುಂದಿನಿಂದ ಸರಿಸಿ, ತುಟಿಯ ಅಂಚಿಗೆ ಎರಡು ಬೆರಳು ದೂರದಲ್ಲಿಡಿ. ಸ, ಶ ಬಂದಾಗ ಕಿವಿಗೆ ಚುಚ್ಚಿದರೆ ಅದು ಮೈಕಿನದ್ದೇ ಗುಣ, ಜಾಗ ಬದಲಿಸಿದರೆ ಅಷ್ಟಾಗಿ ಹೋಗುವುದಿಲ್ಲ.

ಬ್ಲೂಟೂತ್‌ನಲ್ಲಿ ಮಾತ್ರ ಕೇಳಿ ತೀರ್ಪು ಕೊಡಬೇಡಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಹೆಡ್‌ಸೆಟ್ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ, ನಿಮ್ಮ ದನಿಯ ಜೊತೆ ಆಟದ ಸೌಂಡ್ ಕೂಡ ಡಬ್ಬದೊಳಗಿನಿಂದ ಬಂದಂತಾಗುತ್ತದೆ. 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈರ್‌ಲೆಸ್ ತುಂಡು) ಕೊಟ್ಟಿದ್ದರೆ ಅದನ್ನೇ ಹಾಕಿ ನೋಡಿ.

ವೈರ್‌ದಾಗಿದ್ದು ಮೈಕ್ ಕೆಲಸವೇ ಮಾಡದಿದ್ದರೆ, ವಾಪಸ್ ಕಳಿಸುವ ಮುಂಚೆ ಪಿನ್ ನೋಡಿ. 3.5 ಎಂಎಂ ಪಿನ್‌ನಲ್ಲಿ ಮೂರು ಗೆರೆ ಇದ್ದು, ಕಂಪ್ಯೂಟರ್‌ನಲ್ಲಿ ಹೆಡ್‌ಫೋನಿಗೊಂದು ಮೈಕಿಗೊಂದು ತೂತಿದ್ದರೆ, ನಡುವೆ ಒಂದು ಪಿನ್ನನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಬೇಕು. ಅದು ಎಷ್ಟೋ ಸಲ ಡಬ್ಬದ ತಳದ ಪುಟ್ಟ ಕವರ್‌ನಲ್ಲೇ ಬಿದ್ದಿರುತ್ತದೆ.