ಓದುಗರ ಪ್ರಶ್ನೆಗೆ ಉತ್ತರ: ಕಬ್ಬಿಣದ ಅನ್ನದ ಬಟ್ಟಲು

ಪ್ರಶ್ನೆ: ನಾನು ಎರಡು ವರ್ಷಗಳಿಂದ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದೇನೆ. ಚೀನಾದ ಯುವಕರು ನಮ್ಮ ಹಾಗೆ ಸರ್ಕಾರಿ ನೌಕರಿಗಾಗಿ ವರ್ಷಗಟ್ಟಲೆ ಕಾಯುವುದಿಲ್ಲ, ಖಾಸಗಿ ಕಂಪನಿಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ ಮನಃಪೂರ್ವಕವಾಗಿ ದುಡಿಯುತ್ತಾರೆ, ಆ ದೇಶ ಮುಂದೆ ಬಂದದ್ದು ಅದರಿಂದಲೇ ಎಂದು ನನ್ನ ಅಣ್ಣ ಹೇಳುತ್ತಿರುತ್ತಾನೆ. ಅಲ್ಲಿ ಇದ್ದು ಬಂದವರಾದ ನಿಮ್ಮ ಅನುಭವವೂ ಇದೇ ಏನು?
– ಸ್ಪರ್ಧಾರ್ಥಿ, ಧಾರವಾಡ

ಉತ್ತರ: ನಿಮ್ಮ ಅಣ್ಣನವರ ಮೊದಲ ಮಾತು ಸರಿಯಲ್ಲ. ಎರಡನೆಯ ಮಾತಿನಲ್ಲಿ ‘ಮನಃಪೂರ್ವಕವಾಗಿ’ ಎಂಬ ಪದವನ್ನು ನಾನು ಒಪ್ಪಲಾರೆ. 2024ರ ಕೊನೆಯಲ್ಲಿ ಚೀನಾದ ಕೇಂದ್ರ ಸರ್ಕಾರ ನಡೆಸಿದ ನೌಕರಿ ಪರೀಕ್ಷೆಯಲ್ಲಿ ಇದ್ದ ಹುದ್ದೆಗಳು ಸುಮಾರು 39,700. ಅರ್ಹತೆಯ ಪರಿಶೀಲನೆಯನ್ನು ದಾಟಿ ಬಂದ ಅಭ್ಯರ್ಥಿಗಳು 34 ಲಕ್ಷಕ್ಕೂ ಹೆಚ್ಚು. ಧಾರವಾಡದ ಬಾಡಿಗೆ ಕೋಣೆಯಲ್ಲಿ ಕುಳಿತು ನೀವು ಓದುತ್ತಿರುವಂತೆಯೇ ಅಲ್ಲಿಯೂ ಲಕ್ಷಾಂತರ ಮಂದಿ ಓದುತ್ತಿದ್ದಾರೆ.

ಈ ಹಂಬಲ ಎಲ್ಲಿಂದ ಬಂತೆಂಬುದನ್ನು ನಾನು ಅರಿತದ್ದು ಪುಸ್ತಕಗಳಿಂದಲ್ಲ, ಈಶಾನ್ಯ ಚೀನಾದ ಶೆನ್ಯಾಂಗ್ ನಗರದಲ್ಲಿ ನನಗೆ ಮನೆ ಬಾಡಿಗೆ ಕೊಟ್ಟಿದ್ದ ಹಿರಿಯರಿಂದ. ಅಲ್ಲಿನ ಟಿಯೆಶಿ ಎಂಬ ಭಾಗ ಒಂದು ಕಾಲದಲ್ಲಿ ಇಡೀ ದೇಶಕ್ಕೆ ಯಂತ್ರಗಳನ್ನು ಮಾಡಿಕೊಡುತ್ತಿದ್ದ ಕಾರ್ಖಾನೆಗಳ ನೆಲೆ. ಈಗ ಅಲ್ಲಿನ ಹಳೆಯ ಎರಕದ ಕಾರ್ಖಾನೆಯೊಂದು ವಸ್ತುಸಂಗ್ರಹಾಲಯವಾಗಿದೆ. ಆ ಮನೆ ಮಾಲೀಕರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರಾಗಿದ್ದವರು. ಅವರ ಯೌವನದಲ್ಲಿ ಕೆಲಸವೆಂದರೆ ಸಂಬಳವಷ್ಟೇ ಆಗಿರಲಿಲ್ಲ. ‘ದಾನ್‌ವೇಯ್’ ಎಂದು ಕರೆಯುತ್ತಿದ್ದ ಕೆಲಸದ ಘಟಕವೇ ಮನೆ ಕೊಡುತ್ತಿತ್ತು, ಔಷಧಿಯ ಖರ್ಚು ನೋಡುತ್ತಿತ್ತು, ಮಕ್ಕಳಿಗೆ ಶಾಲೆ ನಡೆಸುತ್ತಿತ್ತು, ಮುಪ್ಪಿನಲ್ಲಿ ಪಿಂಚಣಿಯನ್ನೂ ಕೊಡುತ್ತಿತ್ತು. ಎಂದೂ ಒಡೆಯದ ಆ ನೌಕರಿಯನ್ನು ಜನ ‘ಕಬ್ಬಿಣದ ಅನ್ನದ ಬಟ್ಟಲು’ ಎಂದು ಕರೆದರು. ಆ ಕಾಲದಲ್ಲಿ ಅಪರಿಚಿತರು ಎದುರಾದರೆ ಮೊದಲು ಕೇಳುತ್ತಿದ್ದುದೇ ‘ನಿಮ್ಮದು ಯಾವ ಘಟಕ?’ ಎಂದು, ನಮ್ಮ ಹಳ್ಳಿಗಳಲ್ಲಿ ‘ಯಾರ ಮನೆಯವರು?’ ಎಂದು ಕೇಳುವ ಹಾಗೆ.

1990ರ ದಶಕದ ಕೊನೆಯಲ್ಲಿ, ನಷ್ಟದಲ್ಲಿದ್ದ ಸರ್ಕಾರಿ ಕಾರ್ಖಾನೆಗಳನ್ನು ಮುಚ್ಚುವ ಇಲ್ಲವೇ ಮಾರುವ ನಿರ್ಧಾರವಾದಾಗ ಆ ಬಟ್ಟಲು ಒಡೆಯಿತು. 1998ರಿಂದ 2003ರವರೆಗಿನ ಆರು ವರ್ಷಗಳಲ್ಲಿ 2.8 ಕೋಟಿಗೂ ಹೆಚ್ಚು ಕೆಲಸಗಾರರು ಮನೆಗೆ ಹೋದರು. ‘ವಜಾ’ ಎಂಬ ಪದವನ್ನು ಬಳಸದೆ, ‘ಹುದ್ದೆಯಿಂದ ಇಳಿದವರು’ ಎಂಬ ಅರ್ಥದ ‘ಶಿಯಾಗಾಂಗ್’ ಎಂಬ ಮಾತನ್ನು ಬಳಸಿದರು. ನಮ್ಮ ಮನೆ ಮಾಲೀಕರಿಗೆ ಆಗ ನಲವತ್ತು ವರ್ಷ. ದುಡಿದಷ್ಟು ವರ್ಷಗಳಿಗೆ ಬೆಲೆ ಕಟ್ಟಿ ಒಂದೇ ಗಂಟಿನಲ್ಲಿ ಹಣ ಕೊಟ್ಟು ಲೆಕ್ಕ ಮುಗಿಸಿದರು. ಅವರು ರಸ್ತೆಬದಿಯಲ್ಲಿ ಸೈಕಲ್ ರಿಪೇರಿ ಮಾಡಿದರು, ಚಳಿಗಾಲದಲ್ಲಿ ಬೇಯಿಸಿದ ಜೋಳದ ತೆನೆ ಮಾರಿದರು, ಪಿಂಚಣಿ ಕೈತಪ್ಪಬಾರದೆಂದು ಅರವತ್ತರವರೆಗೂ ತಮ್ಮ ಕೈಯಿಂದಲೇ ವಂತಿಗೆ ಕಟ್ಟುತ್ತ ಬಂದರು. ಇದನ್ನೆಲ್ಲ ಹೇಳುವಾಗ ಅವರ ದನಿ ಎಂದೂ ಏರುತ್ತಿರಲಿಲ್ಲ. ಆದರೆ ಹಳೆಯ ಕಾಲವೇ ಮರಳಿ ಬರಲಿ ಎಂದು ಅವರು ಬಯಸುತ್ತಿದ್ದರೆಂದು ನೀವು ತಿಳಿಯಬಾರದು. ಮದುವೆಯ ನೋಂದಣಿಗೂ ಘಟಕದಿಂದ ಪತ್ರ ತರಬೇಕಿತ್ತು, ಆ ನಿಯಮ ಹೋದದ್ದು 2003ರಲ್ಲಿ. ತಮ್ಮ ಮಗಳು ಯಾರನ್ನೂ ಕೇಳದೆ ತನಗೆ ಬೇಕಾದವರನ್ನು ಮದುವೆಯಾದಳೆಂಬುದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಆ ಮಗಳು ಬೀಜಿಂಗಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಳು, ನಿಮ್ಮ ಅಣ್ಣನವರು ಹೇಳುವ ಹನ್ನೆರಡು ಗಂಟೆಯ ಜಗತ್ತಿನಲ್ಲಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನ. ಅದಕ್ಕೇ ಅದರ ಹೆಸರು ‘996’. ಕಾನೂನು ಇದನ್ನು ಎಂದೂ ಒಪ್ಪಿರಲಿಲ್ಲ. 1995ರಲ್ಲಿ ಜಾರಿಗೆ ಬಂದ ಕಾರ್ಮಿಕ ಕಾಯಿದೆಯ ಪ್ರಕಾರ ದಿನದ ದುಡಿಮೆ ಎಂಟು ಗಂಟೆ, ಹೆಚ್ಚುವರಿ ದುಡಿಮೆ ತಿಂಗಳಿಗೆ 36 ಗಂಟೆಗಳನ್ನು ಮೀರುವಂತಿಲ್ಲ. 996ರ ಲೆಕ್ಕದಲ್ಲಿ ಊಟದ ಬಿಡುವು ಕಳೆದರೂ ಆ ಮಿತಿ ಎರಡೇ ವಾರಗಳಲ್ಲಿ ತೀರಿಹೋಗುತ್ತದೆ. 2019ರ ಮಾರ್ಚ್‌ನಲ್ಲಿ ಅಲ್ಲಿನ ಪ್ರೋಗ್ರಾಮರುಗಳು ಗಿಟ್‌ಹಬ್ ತಾಣದಲ್ಲಿ ‘996 ಐಸಿಯು’ ಎಂಬ ಪುಟ ತೆರೆದು, ಹೀಗೆ ದುಡಿಸುವ ಕಂಪನಿಗಳ ಪಟ್ಟಿ ಮಾಡಿದರು. ಈ ಹೊತ್ತಿನಲ್ಲಿ ದುಡಿದರೆ ಕೊನೆಗೆ ಸೇರುವುದು ತೀವ್ರ ನಿಗಾ ಘಟಕವನ್ನೇ ಎಂಬುದು ಆ ಹೆಸರಿನ ಅರ್ಥ. ಇಂಥ ವೇಳಾಪಟ್ಟಿ ಕಾನೂನುಬಾಹಿರವೆಂದು 2021ರ ಆಗಸ್ಟ್‌ನಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯ ಪ್ರಕರಣಗಳ ಸಮೇತ ಸಾರಿ ಹೇಳಿತು. ಮನಃಪೂರ್ವಕವಾಗಿ ದುಡಿಯುತ್ತಿದ್ದವರು ಅಂಥ ಪಟ್ಟಿಯನ್ನು ಮಾಡುತ್ತಿದ್ದರೇ?

ಇಷ್ಟು ದುಡಿದರೂ ಮೂವತ್ತೈದು ದಾಟಿದ ಮೇಲೆ ಏನು ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ. ಕೆಲಸಕ್ಕೆ ಕರೆಯುವ ಜಾಹೀರಾತುಗಳಲ್ಲಿ ‘35 ವರ್ಷದೊಳಗಿನವರು’ ಎಂದು ನೇರವಾಗಿಯೇ ಬರೆದಿರುತ್ತಾರೆ. ಸರ್ಕಾರಿ ಪರೀಕ್ಷೆಯ ಮಿತಿಯೂ ಅಷ್ಟೇ ಇತ್ತು. 2025ರಲ್ಲಿ ಅದನ್ನು ಸಾಮಾನ್ಯವಾಗಿ 38ಕ್ಕೆ ಏರಿಸಿದರು. ತಂದೆಯ ಬಟ್ಟಲು ನಲವತ್ತಕ್ಕೆ ಒಡೆದದ್ದನ್ನು ಕಣ್ಣಾರೆ ಕಂಡು ಬೆಳೆದ ಮಕ್ಕಳು ಈಗ ತಾವೇ ಆ ವಯಸ್ಸಿನ ಹತ್ತಿರಕ್ಕೆ ಬಂದಿದ್ದಾರೆ. ಅವರಲ್ಲಿ ಕೆಲವರು ‘ಟಾಂಗ್ ಪಿಂಗ್’, ಅಂದರೆ ಈ ಓಟವೇ ಬೇಡವೆಂದು ಮಲಗಿಬಿಡುತ್ತೇವೆ, ಎನ್ನುತ್ತಾರೆ. ಹಲವರು ಸರ್ಕಾರಿ ಪರೀಕ್ಷೆಗೆ ಕೂರುತ್ತಾರೆ. ಇದನ್ನು ಆಲಸ್ಯವೆನ್ನುವವರ ಮಾತು ನನಗೆ ನೋವು ತರುತ್ತದೆ. ನಾಳೆಯ ಅನ್ನದ ಬಗ್ಗೆ ನೆಮ್ಮದಿ ಬೇಕೆಂಬುದು ಅತ್ಯಂತ ನ್ಯಾಯವಾದ ಆಸೆ. ನೀವು ಓದುತ್ತಿರುವುದಕ್ಕೆ ಅಣ್ಣನವರೆದುರು ನಾಚಿಕೊಳ್ಳಬೇಕಾದ ಕಾರಣವೇ ಇಲ್ಲ.

ಪ್ರಶ್ನೆ: ತಂದೆ ತಾಯಿ ಇಬ್ಬರೂ ಇಷ್ಟು ಹೊತ್ತು ದುಡಿದರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು?
– ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಅಜ್ಜ ಅಜ್ಜಿಯರು, ಅದರಲ್ಲೂ ಅಜ್ಜಿಯರು. ಕಾರ್ಖಾನೆಯ ಮಹಿಳೆಯರಿಗೆ ಐವತ್ತಕ್ಕೇ ನಿವೃತ್ತಿ ಇದ್ದುದರಿಂದ ಇದು ಸಾಧ್ಯವಾಗಿತ್ತು. 2025ರ ಜನವರಿಯಿಂದ ಹದಿನೈದು ವರ್ಷಗಳಲ್ಲಿ ಈ ವಯಸ್ಸನ್ನು ಮೆಲ್ಲಮೆಲ್ಲನೆ 55ಕ್ಕೆ ಏರಿಸುತ್ತಿದ್ದಾರೆ, ಗಂಡಸರದನ್ನು 60ರಿಂದ 63ಕ್ಕೆ. ಜನಸಂಖ್ಯೆ ಇಳಿಯುತ್ತಿರುವಾಗ ಪಿಂಚಣಿಯ ಲೆಕ್ಕ ಸರಿದೂಗಿಸಲು ಇದು ಬೇಕೆಂಬುದು ನಿಜ. ಆದರೆ ಮನೆಯ ಲೆಕ್ಕ ಇದರಿಂದ ತಪ್ಪುತ್ತದೆಂಬ ಚಿಂತೆಯೂ ಅಷ್ಟೇ ನಿಜ.

ಮೇಲೆ ಹೇಳಿದ ಮಗಳ ಮಗು ಬೀಜಿಂಗಿನಲ್ಲಿ ಇರಲಿಲ್ಲ, ಶೆನ್ಯಾಂಗ್‌ನಲ್ಲಿ ಅಜ್ಜಿಯ ಬಳಿ ಇತ್ತು. ‘ಹುಕೋ’ ಎಂಬ ಕುಟುಂಬದ ನೋಂದಣಿ ಯಾವ ಊರಿನಲ್ಲಿದೆಯೋ ಅಲ್ಲಿಯೇ ಕಾಲೇಜು ಪ್ರವೇಶದ ಪರೀಕ್ಷೆ ಬರೆಯಬೇಕೆಂಬುದು ಸಾಮಾನ್ಯ ನಿಯಮ. ಬೀಜಿಂಗಿನ ಹುಕೋ ಸಿಗುವುದು ಬಹಳ ಕಷ್ಟ. ಪ್ರಾಥಮಿಕ ಶಾಲೆಗಳು ಆಗ ಮಧ್ಯಾಹ್ನ ಮೂರೂವರೆಗೇ ಬಿಡುತ್ತಿದ್ದವು, ಕಚೇರಿಗಳು ಅಷ್ಟು ಬೇಗ ಬಿಡುತ್ತಿರಲಿಲ್ಲ. ಇದಕ್ಕೆ ‘ಮೂರೂವರೆಯ ಸಮಸ್ಯೆ’ ಎಂಬ ಹೆಸರೇ ಬಿದ್ದಿತ್ತು. 2021ರಿಂದೀಚೆಗೆ ಶಾಲೆಗಳೇ ಸಂಜೆಯವರೆಗೆ ಮಕ್ಕಳನ್ನು ಇರಿಸಿಕೊಳ್ಳುವ ವ್ಯವಸ್ಥೆ ಬಂದಿದೆ.

ನಾನಿದ್ದಾಗ ಮೂರು ಗಂಟೆಗೇ ಆ ಮಗುವಿನ ಶಾಲೆಯ ಗೇಟಿನ ಮುಂದೆ ಅಜ್ಜಿಯರ ಗುಂಪು ಸೇರುತ್ತಿತ್ತು. ನಮ್ಮ ಮನೆ ಮಾಲೀಕರ ಪತ್ನಿ ಮೊಮ್ಮಗಳ ಚೀಲವನ್ನು ತಾವೇ ಹೊತ್ತು ಬರುತ್ತ, ಮೆಟ್ಟಿಲ ಬಳಿ ನನ್ನನ್ನು ಕಂಡರೆ ‘ಚಿ ಲೆ ಮಾ?’ ಎಂದು ಕೇಳುತ್ತಿದ್ದರು. ಊಟ ಆಯಿತೇ ಎಂದು. ಊರಿನಿಂದ ಅಷ್ಟು ದೂರದಲ್ಲಿ ನನ್ನ ಅಜ್ಜಿಯದೇ ಮಾತು. ರಾತ್ರಿ ಒಂಬತ್ತೂವರೆಗೆ ಬೀಜಿಂಗಿನಿಂದ ವೀಡಿಯೊ ಕರೆ ಬರುತ್ತಿತ್ತು; ಅಷ್ಟರಲ್ಲಿ ಮಗು ಬಹುತೇಕ ನಿದ್ದೆಹೋಗಿರುತ್ತಿದ್ದರಿಂದ, ಅಜ್ಜಿ ಫೋನನ್ನು ಮಲಗಿದ ಮುಖದ ಬಳಿ ಹಿಡಿದು ತೋರಿಸುತ್ತಿದ್ದರು.