ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಲ್ಡೆಕ್ ರಾಜಕುಮಾರ ಮತ್ತು ಬುಖೆನ್‌ವಾಲ್ಡ್ ಶಿಬಿರ

ಪ್ರಶ್ನೆ: ಬುಖೆನ್‌ವಾಲ್ಡ್ ಯಾತನಾ ಶಿಬಿರದ ಮೊಕದ್ದಮೆಯ ಬಗ್ಗೆ ಹೋದ ತಿಂಗಳು ಬರೆದ ಉತ್ತರದಲ್ಲಿ, ಅದರ ಮೊದಲ ಆರೋಪಿ ಒಬ್ಬ ರಾಜಕುಮಾರ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಮ್ಮದು ಮೂಲತಃ ಜಮಖಂಡಿ. ನಮ್ಮ ಅಜ್ಜ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದು, 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದನ್ನು ಕಣ್ಣಾರೆ ಕಂಡವರು. ಆಳುವ ಮನೆತನ ಗಾದಿ ಕಳೆದುಕೊಂಡಾಗ ಏನಾಗುತ್ತದೆ ಎಂಬ ಮಾತು ನಮ್ಮ ಮನೆಯಲ್ಲಿ ಆಗಾಗ ಬರುತ್ತಿತ್ತು. ಜರ್ಮನಿಯ ಅರಸುಮಗನೊಬ್ಬ ಹಿಟ್ಲರನ ಕಡೆ ಹೋದದ್ದೇಕೆ? ಭಯದಿಂದಲೇ, ಆಸೆಯಿಂದಲೇ? ಶಿಬಿರದ ಕಮಾಂಡೆಂಟನ ಮೇಲೆ ಆತನೇ ತನಿಖೆ ನಡೆಸಿದ್ದನೆಂದು ಓದಿದ್ದೇನೆ. ಹಾಗಿದ್ದ ಮೇಲೆ ಆತ ಅಪರಾಧಿ ಹೇಗಾದ?
— ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಆತನ ಹೆಸರು ಯೋಸಿಯಾಸ್, ವಾಲ್ಡೆಕ್ ಮತ್ತು ಪಿರ್ಮಾಂಟ್ ಸಂಸ್ಥಾನದ ಯುವರಾಜ. ಜನನ 1896ರ ಮೇ 13, ಆರೋಲ್ಸನ್ ಪಟ್ಟಣದಲ್ಲಿ. ತಂದೆ ಫ್ರೀಡ್ರಿಖ್ ಆ ಸಂಸ್ಥಾನದ ಕೊನೆಯ ದೊರೆ. ಸಂಸ್ಥಾನವೆಂದರೆ ದೊಡ್ಡದೇನಲ್ಲ, ಜನಸಂಖ್ಯೆ ಸುಮಾರು 60,000, ವಿಸ್ತೀರ್ಣದಲ್ಲಿಯೂ ನಿಮ್ಮ ಜಮಖಂಡಿಗಿಂತ ಚಿಕ್ಕದು. 1868ರಿಂದಲೇ ಅದರ ಆಡಳಿತವನ್ನು ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಶ್ಯ ನಡೆಸುತ್ತಿತ್ತು. ಆದರೆ ಮನೆತನದ ನಂಟಸ್ತಿಕೆ ಬಹಳ ದೊಡ್ಡದು. ಯೋಸಿಯಾಸನ ಸೋದರತ್ತೆ ಎಮ್ಮಾ ನೆದರ್‌ಲ್ಯಾಂಡ್ಸಿನ ರಾಣಿಯಾಗಿದ್ದವಳು, ಅವಳ ಮಗಳೇ ಮುಂದೆ ಆ ದೇಶವನ್ನಾಳಿದ ರಾಣಿ ವಿಲ್ಹೆಲ್ಮಿನಾ. ಇನ್ನೊಬ್ಬ ಸೋದರತ್ತೆ ಹೆಲೆನಾ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಸೊಸೆ.

ಮೊದಲ ಮಹಾಯುದ್ಧದಲ್ಲಿ ಯೋಸಿಯಾಸ್ ಹೋರಾಡಿದ, ಗಾಯಗೊಂಡ. 1918ರ ನವೆಂಬರಿನ ಕ್ರಾಂತಿಯಲ್ಲಿ ಜರ್ಮನಿಯ ರಾಜರೆಲ್ಲರೂ ಅಧಿಕಾರ ಕಳೆದುಕೊಂಡಾಗ ಆತನಿಗೆ 22 ವರ್ಷ. ಆ ಮೇಲೆ ಬೇಸಾಯಶಾಸ್ತ್ರ ಓದಿ, 1922ರಲ್ಲಿ ಓಲ್ಡೆನ್‌ಬುರ್ಗ್ ರಾಜಮನೆತನದ ಆಲ್ಟ್‌ಬುರ್ಗಳನ್ನು ಮದುವೆಯಾದ. ಇಲ್ಲಿ ನಮ್ಮ ದೇಶದ ಅನುಭವವನ್ನು ಪಕ್ಕಕ್ಕಿಟ್ಟು ಯೋಚಿಸಬೇಕು. ನಮ್ಮಲ್ಲಿ ಸಂಸ್ಥಾನಿಕರು ಒಪ್ಪಂದಕ್ಕೆ ಸಹಿ ಹಾಕಿ ವಿಲೀನಗೊಂಡರು, 1971ರವರೆಗೆ ರಾಜಧನವನ್ನೂ ಪಡೆದರು. ಜರ್ಮನಿಯಲ್ಲಿ ಗಾದಿ ಹೋದದ್ದು ಸೋಲು, ಹಸಿವು, ದಂಗೆಗಳ ನಡುವೆ, ಮತ್ತು ಅರಸುಮನೆತನಗಳ ಆಸ್ತಿ ಯಾರದು ಎಂಬ ಜಗಳ ಅಲ್ಲಿಂದ ಮುಂದೆ ವರ್ಷಗಟ್ಟಲೆ ನಡೆಯಿತು. ಆ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆಂದು ಕಮ್ಯುನಿಸ್ಟರೂ ಸೋಷಿಯಲ್ ಡೆಮಾಕ್ರಟರೂ ಸೇರಿ 1926ರ ಜೂನ್ 20ರಂದು ಜನಮತಗಣನೆ ನಡೆಸಿದರು. ಸುಮಾರು 1 ಕೋಟಿ 45 ಲಕ್ಷ ಮಂದಿ ಪರವಾಗಿ ಮತ ಹಾಕಿದರೂ, ಮತದಾರರ ಒಟ್ಟು ಸಂಖ್ಯೆಯ ಅರ್ಧದಷ್ಟು ಬೇಕಿದ್ದುದರಿಂದ ಅದು ಬಿದ್ದುಹೋಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಬಾಂಬರ್ಗಿನಲ್ಲಿ ನಡೆದ ಪಕ್ಷದ ಸಭೆಯಲ್ಲಿ ಹಿಟ್ಲರ್ ತನ್ನ ಪಕ್ಷದೊಳಗಿನ ಎಡಪಂಥೀಯರನ್ನು ಅದುಮಿ, ಈ ವಶಪಡಿಸಿಕೊಳ್ಳುವಿಕೆಯನ್ನು ಪಕ್ಷ ಬೆಂಬಲಿಸಕೂಡದೆಂದು ಖಂಡಿತವಾಗಿ ಹೇಳಿಬಿಟ್ಟ. ಹಳೆಯ ಮನೆತನಗಳು ಈ ಮಾತನ್ನು ಮರೆಯಲಿಲ್ಲ. ಬೀದಿಯಲ್ಲಿ ಕೂಗಾಡುವ ಈ ಪಕ್ಷದಿಂದ ತಮ್ಮ ಅರಮನೆ, ಹೊಲ, ಕಾಡುಗಳಿಗೆ ಅಪಾಯವಿಲ್ಲವೆಂಬ ಧೈರ್ಯ ಅವರಿಗೆ ಬಂದದ್ದು ಆಗ.

1929ರ ಏಪ್ರಿಲ್ 1ರಂದು ವಾಲ್ಡೆಕ್ ಪೂರ್ತಿಯಾಗಿ ಪ್ರಶ್ಯದಲ್ಲಿ ಸೇರಿಹೋಯಿತು, ಅದರ ಪ್ರತ್ಯೇಕ ಅಸ್ತಿತ್ವವೇ ಅಳಿಯಿತು. ಅದೇ ವರ್ಷ ನವೆಂಬರ್ 1ರಂದು ಯೋಸಿಯಾಸ್ ನಾಜಿ ಪಕ್ಷಕ್ಕೆ ಸೇರಿದ. ಒಂದಕ್ಕೆ ಇನ್ನೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಆ ಹೊತ್ತಿಗೆ ಹಿಟ್ಲರನ ಕೈಯಲ್ಲಿ ಸರ್ಕಾರವಿರಲಿಲ್ಲ, ಪೊಲೀಸರಿರಲಿಲ್ಲ, ಯಾರನ್ನೂ ಹೆದರಿಸಿ ಪಕ್ಷಕ್ಕೆ ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಹೀಗಾಗಿ ಭಯವೆಂಬ ಮಾತು ಈತನ ವಿಷಯದಲ್ಲಿ ನಿಲ್ಲುವುದಿಲ್ಲ. 1933ರ ನಂತರ ನೌಕರಿ ಉಳಿಸಿಕೊಳ್ಳಲು ಪಕ್ಷದ ಕಾರ್ಡು ಮಾಡಿಸಿಕೊಂಡ ಲಕ್ಷಾಂತರ ಮಂದಿಯ ಸಾಲಿನಲ್ಲಿ ಆತನನ್ನು ಸೇರಿಸಲಾಗದು. 1930ರ ಮಾರ್ಚಿನಲ್ಲಿ ನಾಜಿ ಪಕ್ಷದ ಅರೆಸೈನಿಕ ಪಡೆಯಾದ ಎಸ್‌ಎಸ್ ಸೇರಿ, ಆ ಪಡೆಯ ಮುಖ್ಯಸ್ಥ ಹಾಯ್ನ್‌ರಿಖ್ ಹಿಮ್ಲರನ ಆಪ್ತ ವಲಯವನ್ನು ಬೇಗನೆ ಪ್ರವೇಶಿಸಿದ. ಹಿಮ್ಲರನೂ ಬೇಸಾಯಶಾಸ್ತ್ರ ಓದಿದವನೇ, ತನ್ನ ಪಡೆ ರಕ್ತಶುದ್ಧಿಯ ಹೊಸ ಕುಲೀನ ವರ್ಗವಾಗಬೇಕೆಂದು ಬಯಸಿದವನು. ಅಂಥವನಿಗೆ ನೂರಾರು ವರ್ಷಗಳ ವಂಶಾವಳಿಯುಳ್ಳ ಯುವರಾಜನೊಬ್ಬ ಸಿಕ್ಕಿದ್ದು ದೊಡ್ಡ ಗೆಲುವಾಗಿತ್ತು, ಹಾಗೆಯೇ ಆಳಲು ನೆಲವಿಲ್ಲದ ಯುವರಾಜನಿಗೆ ಮತ್ತೆ ಸಮವಸ್ತ್ರ, ಸಲಾಮು, ಅಧಿಕಾರ ಎಲ್ಲವೂ ದೊರೆಯಿತು. 1933ರಲ್ಲಿ ಸಂಸತ್ತಿನ ಸದಸ್ಯತ್ವ ಬಂತು. 1936ರಲ್ಲಿ ಎಸ್‌ಎಸ್ ಓಬರ್‌ಗ್ರುಪ್ಪೆನ್‌ಫ್ಯೂರರ್ ಹುದ್ದೆ, ಅಂದರೆ ಸೇನೆಯ ಜನರಲ್ ದರ್ಜೆ. ಅದೇ ವರ್ಷ ಹುಟ್ಟಿದ ಮಗ ವಿಟ್ಟೆಕಿಂಡನ ನಾಮಕರಣಕ್ಕೆ ಧರ್ಮಪಿತರಾದವರು ಹಿಟ್ಲರ್ ಮತ್ತು ಹಿಮ್ಲರ್. ಇಷ್ಟಾದ ಮೇಲೆ, ರಾಜಮನೆತನದ ಹೆಸರನ್ನು ನಾಜಿಗಳು ಬರಿಯ ಅಲಂಕಾರಕ್ಕೆ ಬಳಸಿಕೊಂಡರು ಎಂಬ ವಾದವೂ ಉಳಿಯುವುದಿಲ್ಲ.

ಯುದ್ಧದ ವರ್ಷಗಳಲ್ಲಿ ಆತ ಒಂದು ವಿಶಾಲ ವಲಯದ ಉನ್ನತ ಎಸ್‌ಎಸ್ ಮತ್ತು ಪೊಲೀಸ್ ಅಧಿಕಾರಿ. ವೈಮಾರ್ ನಗರವೂ, ಅದರ ಪಕ್ಕದ ಎಟ್ಟರ್ಸ್‌ಬೆರ್ಗ್ ಗುಡ್ಡದ ಮೇಲಿನ ಬುಖೆನ್‌ವಾಲ್ಡ್ ಶಿಬಿರವೂ ಆ ವಲಯದೊಳಗೆ ಬರುತ್ತಿದ್ದವು. ವೈಮಾರ್ ಎಂದರೆ ಮಹಾಕವಿ ಗಯಟೆ ಬಾಳಿ ಬದುಕಿದ ಊರು. 1937ರ ಜುಲೈಯಿಂದ 1945ರ ಏಪ್ರಿಲ್‌ವರೆಗೆ ಈ ಶಿಬಿರದ ವ್ಯವಸ್ಥೆಯಲ್ಲಿ ಸುಮಾರು 2,77,000 ಮಂದಿ ಸೆರೆಯಾದರು, ಸುಮಾರು 56,000 ಮಂದಿ ಸತ್ತರು. ಸೆರೆಸಿಕ್ಕ ಸೋವಿಯತ್ ಸೈನಿಕರನ್ನು ಕೊಲ್ಲಲು ಅಲ್ಲಿ ಹಳೆಯ ಕುದುರೆ ಲಾಯವೊಂದನ್ನು ವೈದ್ಯಕೀಯ ತಪಾಸಣೆಯ ಕೋಣೆಯಂತೆ ಸಜ್ಜುಗೊಳಿಸಿದ್ದರು. ಬಿಳಿಕೋಟು ತೊಟ್ಟವರು ಒಬ್ಬೊಬ್ಬನನ್ನೇ ಎತ್ತರ ಅಳೆಯುವ ಪಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸುತ್ತಿದ್ದರು, ಗೋಡೆಯ ಆಚೆ ನಿಂತವನು ಪಟ್ಟಿಯ ಹಿಂದಿನ ಸೀಳಿನ ಮೂಲಕ ಕತ್ತಿಗೆ ಗುಂಡು ಹೊಡೆಯುತ್ತಿದ್ದನು. ಹೀಗೆ ಕೊಲ್ಲಲ್ಪಟ್ಟವರು 8,000ಕ್ಕೂ ಹೆಚ್ಚು. ಹಾಗೆಯೇ 1940ರಲ್ಲಿ ಜರ್ಮನಿ ನೆದರ್‌ಲ್ಯಾಂಡ್ಸನ್ನು ಆಕ್ರಮಿಸಿದ ಮೇಲೆ ಅಲ್ಲಿಂದ ಒತ್ತೆಯಾಳುಗಳಾಗಿ ಹಿಡಿದು ತಂದವರನ್ನೂ, 1941ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೀದಿಗಳಲ್ಲಿ ಸೆರೆಹಿಡಿದ ಯಹೂದಿ ಯುವಕರನ್ನೂ ಬುಖೆನ್‌ವಾಲ್ಡಿಗೆ ಸಾಗಿಸಲಾಯಿತು. ಅವರೆಲ್ಲ ಈತನ ಸೋದರತ್ತೆಯ ಮಗಳ ಪ್ರಜೆಗಳು.

ಇನ್ನು ನೀವು ಓದಿದ ತನಿಖೆಯ ಪ್ರಸಂಗ. ಅದು ನಿಜ, ಮತ್ತು ಆತನ ಪರವಾಗಿ ಹೆಚ್ಚಾಗಿ ಎತ್ತಿ ಹೇಳುವುದೂ ಅದನ್ನೇ. ಶಿಬಿರದ ಮೊದಲ ಕಮಾಂಡೆಂಟ್ ಕಾರ್ಲ್ ಓಟ್ಟೊ ಕೋಖ್, ಸೆರೆಯಾಳುಗಳ ಹಣ ದೋಚಿ ಐಷಾರಾಮದಲ್ಲಿದ್ದವನು. ಶಿಬಿರದ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದವನು ವಾಲ್ಟರ್ ಕ್ರೇಮರ್ ಎಂಬ ಸೆರೆಯಾಳು. ಈ ಕ್ರೇಮರ್ ಮೂಲತಃ ಬೀಗ ಮಾಡುವ ಕಸಬಿನವನು, ಕಮ್ಯುನಿಸ್ಟ್ ಕಾರ್ಯಕರ್ತ. ವೈದ್ಯಶಾಲೆಯ ಮೆಟ್ಟಿಲು ಹತ್ತದೆ, ಸೆರೆಯಲ್ಲೇ ಪುಸ್ತಕ ಓದಿ ಚಿಕಿತ್ಸೆ ಕಲಿತು, ಮದ್ದೇ ಸಿಗದ ಜಾಗದಲ್ಲಿ ನೂರಾರು ಮಂದಿಯ ಜೀವ ಉಳಿಸಿದ. ಯಹೂದಿ ಸೆರೆಯಾಳುಗಳಿಗೆ ಚಿಕಿತ್ಸೆ ನಿಷಿದ್ಧವಾಗಿದ್ದಾಗಲೂ ಗುಟ್ಟಾಗಿ ಆರೈಕೆ ಮಾಡಿದ. ಅದಕ್ಕಾಗಿ ಯಹೂದಿ ನರಮೇಧದ ನೆನಪನ್ನು ಕಾಯುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 2000ದಲ್ಲಿ ಆತನಿಗೆ ಮರಣೋತ್ತರ ಗೌರವ ಸಲ್ಲಿಸಿತು. ಕೈಗುಣವುಳ್ಳ ಈ ಸೆರೆಯಾಳಿನ ಬಳಿ ಎಸ್‌ಎಸ್ ಅಧಿಕಾರಿಗಳೂ ಚಿಕಿತ್ಸೆಗೆ ಬರುತ್ತಿದ್ದರು. ಅವರಲ್ಲಿ ವಾಲ್ಡೆಕ್ ಒಬ್ಬ. ಕೋಖ್ ಕೂಡ ತನ್ನ ಗುಹ್ಯರೋಗಕ್ಕೆ ಅಲ್ಲಿಯೇ ಚಿಕಿತ್ಸೆ ಪಡೆದಿದ್ದ, ಆ ಗುಟ್ಟು ಹೊರಬೀಳಬಾರದೆಂದೇ 1941ರ ನವೆಂಬರ್ 6ರಂದು ಕ್ರೇಮರನನ್ನೂ ಜೊತೆಗಾರ ಕಾರ್ಲ್ ಪೈಕ್ಸನನ್ನೂ ಕೊಲ್ಲಿಸಿದ ಎಂಬುದು ಶಿಬಿರದಿಂದ ಬದುಕಿ ಬಂದವರು ಹೇಳಿರುವ ವಿವರ. ಕಡತದಲ್ಲಿ ಬರೆದದ್ದು, ಓಡಿಹೋಗುವಾಗ ಗುಂಡಿಕ್ಕಲಾಯಿತು ಎಂದು. ಸತ್ತವರ ಪಟ್ಟಿಯಲ್ಲಿ ಕ್ರೇಮರನ ಹೆಸರು ವಾಲ್ಡೆಕ್‌ನ ಕಣ್ಣಿಗೆ ಬಿತ್ತು. ವಿಚಾರಣೆ ಆರಂಭವಾಗಿ ಕೋಖ್ ಬಂಧನಕ್ಕೊಳಗಾದ. ಹಿಮ್ಲರ್ ಅವನನ್ನು ಬಿಡಿಸಿ ಮೈದಾನೆಕ್ ಶಿಬಿರಕ್ಕೆ ಕಳಿಸಿದರೂ, ಎಸ್‌ಎಸ್ ನ್ಯಾಯಾಧೀಶ ಕೊನ್‌ರಾಡ್ ಮೋರ್ಗನ್ ಮುಂದುವರಿಸಿದ ತನಿಖೆಯಿಂದ ಅವನಿಗೆ ಮರಣದಂಡನೆಯಾಗಿ, 1945ರ ಏಪ್ರಿಲ್ 5ರಂದು ಬುಖೆನ್‌ವಾಲ್ಡಿನಲ್ಲೇ ಗುಂಡಿಟ್ಟು ಕೊಂದರು.

ಈ ಪ್ರಸಂಗವನ್ನು ವಾಲ್ಡೆಕ್‌ನ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಓದುವುದು ನನಗೆ ಸಾಧ್ಯವಿಲ್ಲ. ಆತನ ವಿರುದ್ಧ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಸತ್ತವರ ಪಟ್ಟಿ ಆತನ ಮೇಜಿಗೆ ಬರುತ್ತಿತ್ತು, ಆತ ಅದನ್ನು ಓದುತ್ತಿದ್ದ, ಓಡಿಹೋಗುವಾಗ ಗುಂಡಿಕ್ಕಲಾಯಿತು ಎಂಬ ಸಾಲು ಸುಳ್ಳಾಗಿರಬಹುದೆಂದು ಊಹಿಸಬಲ್ಲವನಾಗಿದ್ದ, ಬೇಕೆನಿಸಿದರೆ ಕಮಾಂಡೆಂಟನನ್ನೇ ಬಂಧಿಸುವ ಅಧಿಕಾರ ಆತನಿಗಿತ್ತು. ಆ ಅಧಿಕಾರವನ್ನು ಆತ ಬಳಸಿದ್ದು ತನ್ನ ಮೈಮುಟ್ಟಿ ಚಿಕಿತ್ಸೆ ಮಾಡಿದವನ ಹೆಸರು ಕಂಡಾಗ. ಉಳಿದ ಸಾವಿರಾರು ಹೆಸರುಗಳಿಗೆ ಬಳಸಲಿಲ್ಲ. ಕೋಖ್ ಹೋದ ಮೇಲೆ ಹೆರ್ಮನ್ ಪಿಸ್ಟರ್ ಕಮಾಂಡೆಂಟನಾದ, ಕೊಲೆ ನಿಲ್ಲಲಿಲ್ಲ. 1945ರ ಏಪ್ರಿಲ್ ಆರಂಭದಲ್ಲಿ ಅಮೆರಿಕನ್ ಸೇನೆ ಸಮೀಪಿಸುತ್ತಿದ್ದಂತೆ ಸುಮಾರು 28,000 ಸೆರೆಯಾಳುಗಳನ್ನು ಕಾಲ್ನಡಿಗೆಯಲ್ಲೂ ತೆರೆದ ರೈಲುಗಾಡಿಗಳಲ್ಲೂ ಹೊರಗಟ್ಟಿದರು, ನಡೆಯಲಾರದವರನ್ನು ದಾರಿಯಲ್ಲೇ ಕೊಂದರು. ಸೆರೆಯಾಳುಗಳ ಗುಪ್ತ ಸಂಘಟನೆ ಈ ಸಾಗಣೆಯನ್ನು ತಡಮಾಡಿದ್ದರಿಂದ, ಏಪ್ರಿಲ್ 11ರಂದು ಬಿಡುಗಡೆಯಾದಾಗ ಸುಮಾರು 21,000 ಮಂದಿ ಶಿಬಿರದಲ್ಲಿ ಜೀವಂತವಾಗಿದ್ದರು.

ಪ್ರಶ್ನೆ: ಅದೇ ಆರೋಪಿಗೆ ಜೀವಾವಧಿ ಶಿಕ್ಷೆಯಾಗಿಯೂ ಮೂರೇ ವರ್ಷಗಳಲ್ಲಿ ಹೊರಗೆ ಬಂದನೆಂದು ಕೇಳಿದ್ದೇನೆ. ವಕೀಲನಾಗಿ ನನಗೆ ಇದು ಅರ್ಥವಾಗುತ್ತಿಲ್ಲ.
— ಮಾಟುಂಗಾದ ಓದುಗರೊಬ್ಬರು

ಉತ್ತರ: ನೀವು ಕೇಳಿದ್ದು ಸರಿ. ದಾಖಾವ್‌ನಲ್ಲಿ ಅಮೆರಿಕನ್ ಸೈನಿಕ ನ್ಯಾಯಾಲಯದ ಮುಂದೆ 1947ರ ಏಪ್ರಿಲ್ 11ರಂದು ವಿಚಾರಣೆ ಆರಂಭವಾಯಿತು. ಆರೋಪಿಗಳು 31 ಮಂದಿ, ಎಲ್ಲರೂ ತಪ್ಪಿತಸ್ಥರೆಂದು ತೀರ್ಪಾಯಿತು. 22 ಮಂದಿಗೆ ಮರಣದಂಡನೆ, ವಾಲ್ಡೆಕ್‌ಗೆ ಜೀವಾವಧಿ. ಆರೋಪದ ಸ್ವರೂಪ ನಿಮಗೆ ಆಸಕ್ತಿ ಹುಟ್ಟಿಸಬಹುದು. ಇಂಥವನು ಇಂಥವನನ್ನು ಕೊಂದ ಎಂದಲ್ಲ, ಯುದ್ಧನಿಯಮಗಳನ್ನು ಮುರಿಯುವ ಸಮಾನ ಯೋಜನೆಯೊಂದರಲ್ಲಿ ತಿಳಿದೂ ಭಾಗಿಯಾದ ಎಂಬುದು ಆರೋಪ. ಶಿಬಿರದ ದಿನನಿತ್ಯದ ಆಡಳಿತ ಬರ್ಲಿನ್ನಿನ ಪ್ರತ್ಯೇಕ ಕಚೇರಿಯ ಕೈಯಲ್ಲಿತ್ತು ಎಂಬುದು ಕಾಗದದ ಮೇಲೆ ನಿಜವೇ, ಆದರೆ ಆ ಕಾರಣಕ್ಕೆ ವಾಲ್ಡೆಕ್ ತಪ್ಪಿಸಿಕೊಳ್ಳಲಾಗಲಿಲ್ಲ. ಇನ್ನೊಂದು ಮಿತಿಯನ್ನೂ ಹೇಳಬೇಕು. ಆ ನ್ಯಾಯಾಲಯದ ವ್ಯಾಪ್ತಿಗೆ ಬಂದದ್ದು ಮಿತ್ರರಾಷ್ಟ್ರಗಳ ಪ್ರಜೆಗಳ ಮೇಲಿನ ಅಪರಾಧಗಳು ಮಾತ್ರ. ಕ್ರೇಮರ್ ಜರ್ಮನ್ ಪ್ರಜೆಯಾದ್ದರಿಂದ ಆತನ ಕೊಲೆಯಂಥವು ಅಲ್ಲಿ ವಿಚಾರಣೆಗೇ ಬರಲಿಲ್ಲ.

1948ರಲ್ಲಿ ಪುನರ್‌ಪರಿಶೀಲನೆಯಾಗಿ ಶಿಕ್ಷೆ 20 ವರ್ಷಕ್ಕಿಳಿಯಿತು. ಬರ್ಲಿನ್ ದಿಗ್ಬಂಧನ, ಶೀತಲ ಸಮರ, 1949ರಲ್ಲಿ ಪಶ್ಚಿಮ ಜರ್ಮನಿಯ ಸ್ಥಾಪನೆ ಇವುಗಳ ನಡುವೆ ಅಮೆರಿಕಕ್ಕೆ ಜರ್ಮನರು ಮಿತ್ರರಾಗಿ ಬೇಕಾದರು, ಯುದ್ಧಾಪರಾಧಿಗಳನ್ನು ಇಟ್ಟಿದ್ದ ಲಾಂಡ್ಸ್‌ಬೆರ್ಗ್ ಸೆರೆಮನೆಯ ಕೈದಿಗಳ ಪರವಾಗಿ ಚರ್ಚುಗಳೂ ರಾಜಕಾರಣಿಗಳೂ ದನಿ ಎತ್ತಿದರು. 1950ರ ಕೊನೆಯ ಹೊತ್ತಿಗೆ ಅನಾರೋಗ್ಯದ ಕಾರಣಕ್ಕೆ ವಾಲ್ಡೆಕ್‌ನನ್ನು ಬಿಟ್ಟರು. ಆ ಅನಾರೋಗ್ಯದ ನಂತರ ಆತ ಹದಿನೇಳು ವರ್ಷ ಬದುಕಿದ, ತೀರಿಕೊಂಡದ್ದು 1967ರ ನವೆಂಬರ್ 30ರಂದು, ಲಾನ್ ನದಿಯ ಕಣಿವೆಯ ಶೌಮ್‌ಬುರ್ಗ್ ಕೋಟೆಯಲ್ಲಿ. ಕಾನೂನಿನ ದೃಷ್ಟಿಯಿಂದ ದಯೆ ತೋರಿಸುವುದು ತಪ್ಪಲ್ಲ. ಆದರೆ ಬುಖೆನ್‌ವಾಲ್ಡಿನಲ್ಲಿ ಕಾಯಿಲೆ ಬಿದ್ದವರಿಗೆ ಕಾದಿದ್ದ ಗತಿಯನ್ನು ಬಲ್ಲ ಯಾರಿಗೂ ಈ ಬಿಡುಗಡೆಯನ್ನು ಒಪ್ಪುವುದು ಕಷ್ಟ, ನನಗಂತೂ ಆಗದು.

ಪ್ರಶ್ನೆ: ಪುಣೆಯಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ಹೆಸರಿನಲ್ಲಿ ‘ಫಾನ್’ ಎಂದಿರುವ ಕುಲೀನರೆಲ್ಲ ನಾಜಿಗಳೇ ಆಗಿದ್ದರೆ? ಈ ವಿಷಯದ ಮೂಲ ದಾಖಲೆಗಳು ಎಲ್ಲಿ ಸಿಗುತ್ತವೆ?
— ಕೋಥ್ರೂಡಿನ ವಿದ್ಯಾರ್ಥಿನಿ

ಉತ್ತರ: ಖಂಡಿತ ಇಲ್ಲ. ಆಳುವ ಮನೆತನಗಳಿಂದ ಬಹಳ ಮಂದಿ ಪಕ್ಷ ಸೇರಿದ್ದು ನಿಜ, ಆದರೆ 1944ರ ಜುಲೈ 20ರಂದು ಹಿಟ್ಲರನ ಕೊಠಡಿಯಲ್ಲಿ ಬಾಂಬ್ ಇಟ್ಟ ಕ್ಲಾಸ್ ಫಾನ್ ಸ್ಟೌಫೆನ್‌ಬೆರ್ಗ್ ಕೂಡ ಕುಲೀನನೇ. ನಮ್ಮ ಮುಂಬಯಿಗೆ 1933ರಲ್ಲಿ ಬಂದು ನೆಲೆಸಿದ ರುಡೋಲ್ಫ್ ಫಾನ್ ಲೇಡನ್ ಇಲ್ಲಿ ಕಲಾವಿಮರ್ಶಕರಾಗಿ ಹೊಸ ತಲೆಮಾರಿನ ಚಿತ್ರಕಾರರ ಬೆನ್ನಿಗೆ ನಿಂತರು, ಮೈಸೂರಿನ ಗಂಜೀಫಾ ಎಲೆಗಳ ಬಗ್ಗೆ ಶ್ರದ್ಧೆಯಿಂದ ಅಧ್ಯಯನ ಮಾಡಿ ಬರೆದರು. ಇನ್ನು ಹೆಸ್ಸೆಯ ರಾಜಕುಮಾರ ಫಿಲಿಪ್ಪನ ಕತೆ ಬೇರೆಯೇ. ಹಿಟ್ಲರನಿಗೆ ಆಪ್ತನಾಗಿ ಪ್ರಾಂತಾಧಿಪತಿಯಾಗಿದ್ದ ಆತನನ್ನೇ 1943ರಲ್ಲಿ ಸೆರೆಗೆ ತಳ್ಳಿದರು, ಇಟಲಿಯ ದೊರೆಯ ಮಗಳಾದ ಆತನ ಹೆಂಡತಿ ಮಾಫಾಲ್ಡಾ 1944ರ ಆಗಸ್ಟ್ ಬಾಂಬ್ ದಾಳಿಯಲ್ಲಿ ಗಾಯಗೊಂಡು ಬುಖೆನ್‌ವಾಲ್ಡಿನಲ್ಲೇ ಸತ್ತಳು.

ದಾಖಲೆಗಳಿಗಾಗಿ ನೀವು ಮೊದಲು ನೋಡಬೇಕಾದದ್ದು ಆರೋಲ್ಸನ್ ದಾಖಲೆ ಸಂಗ್ರಹ. ವಾಲ್ಡೆಕ್ ಹುಟ್ಟಿದ ಅದೇ ಪಟ್ಟಣದಲ್ಲಿ, ಯುದ್ಧ ಮುಗಿದ ಮರುವರ್ಷದಿಂದ, ಕಾಣೆಯಾದವರನ್ನು ಹುಡುಕುವ ಕೇಂದ್ರ ಕೆಲಸ ಮಾಡುತ್ತಿದೆ. ಸುಮಾರು 1 ಕೋಟಿ 75 ಲಕ್ಷ ಮಂದಿಯ ಮಾಹಿತಿ ಅಲ್ಲಿದೆ, ಬುಖೆನ್‌ವಾಲ್ಡ್ ಸೆರೆಯಾಳುಗಳ ಕಾರ್ಡುಗಳೂ ಸೇರಿ ಅದರ ಬಹುಭಾಗ ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ಓದಲು ಸಿಗುತ್ತದೆ. ಕಾರ್ಡುಗಳ ಮೇಲಿನ ಸಂಕ್ಷೇಪಗಳಿಗೆ ವಿವರಣೆಯನ್ನೂ ಅವರೇ ಕೊಟ್ಟಿದ್ದಾರೆ, ಎರಡು ಮೂರು ಹಂತ ಜರ್ಮನ್ ಕಲಿತವರಿಗೆ ಅಷ್ಟು ಸಾಕು. ಮೊಕದ್ದಮೆಯ ಕಡತಗಳು ಅಮೆರಿಕದ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಹುಡುಕುವಾಗ ಬುಖೆನ್‌ವಾಲ್ಡ್ ಎಂಬ ಹೆಸರನ್ನಷ್ಟೇ ನೆಚ್ಚಿಕೊಳ್ಳಬೇಡಿ. ಮೊಕದ್ದಮೆಯ ಅಧಿಕೃತ ಶೀರ್ಷಿಕೆ ಆರಂಭವಾಗುವುದೇ ಯೋಸಿಯಾಸ್ ವಾಲ್ಡೆಕ್ ಮತ್ತು ಇತರರ ವಿರುದ್ಧ ಅಮೆರಿಕ ಎಂದು, ಆದ್ದರಿಂದ ಆತನ ಹೆಸರಿನಿಂದಲೂ ಹುಡುಕಿ.